ಮಲ್ಲಿತಮ್ಮನ ಶಿಲ್ಪದಲ್ಲಿ ಕಥೆಯೂ ಧ್ವನಿಯೂ

ಹೊಯ್ಸಳ ಶಿಲ್ಪವನ್ನು ಹೊಗಳುವವರು ಬಹುಮಂದಿ, ಓದುವವರು ವಿರಳ. ಕಲ್ಲು ಬೆಣ್ಣೆಯಂತೆ ಮಣಿದಿದೆ, ಹಾರದ ಮಣಿಗಳನ್ನು ಎಣಿಸಬಹುದು ಎಂದಿಷ್ಟು ನುಡಿದು ತೃಪ್ತರಾಗುವುದು ರೂಢಿ. ಇದು ಕಾವ್ಯವನ್ನು ಕೈಗೆತ್ತಿಕೊಂಡು ಅಕ್ಷರಗಳ ದುಂಡನ್ನು ಮಾತ್ರ ಮೆಚ್ಚಿದಂತೆ. ಶಿಲ್ಪಿಯು ಏನನ್ನು ಹೇಳಿದನು, ಹೇಗೆ ಹೇಳಿದನು ಎಂಬ ವಿಚಾರವಿಲ್ಲದ ಪ್ರಶಂಸೆಯು ವಿಮರ್ಶೆಯೆನಿಸದು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವು ಈ ವಿಚಾರಕ್ಕೆ ತಕ್ಕ ಸ್ಥಳವಾಗಿರುವುದು. ವೀರ ಸೋಮೇಶ್ವರನ ಆಳಿಕೆಯಲ್ಲಿ, ಕ್ರಿ. ಶ. ೧೨೪೬ರಲ್ಲಿ, ಬೊಮ್ಮಣ್ಣ ದಂಡನಾಯಕನು ಇದನ್ನು ಕಟ್ಟಿಸಿದನು. ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿರುವುದರಿಂದ, ಉತ್ತರ ಭಾಗದ ವಿಗ್ರಹಗಳು ಮಲ್ಲಿತಮ್ಮನವೆಂದೂ ದಕ್ಷಿಣ ಭಾಗದವು ಬೈಚೋಜನವೆಂದೂ ತಿಳಿದುಬರುವುದು.

ಇಂತಹ ಗುಡಿಯ ಭಿತ್ತಿಯಲ್ಲಿ ನಿರೂಪಣೆಗೆ ಎರಡು ಬಗೆಗಳುಂಟು. ಕೆಳಗಿನ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿಗಳ ಮೇಲೆ ಪುರಾಣಕಥೆಯು ಸಾಲಾಗಿ ಹರಿಯುವುದು. ಪ್ರದಕ್ಷಿಣೆ ಬರುವವನ ಹೆಜ್ಜೆಯೊಡನೆ ಕಥೆಯೂ ನಡೆಯುವುದು. ಅದರ ಮೇಲೆ ನಿಂತ ದೊಡ್ಡ ವಿಗ್ರಹಕ್ಕಾದರೋ ಒಂದೇ ಕ್ಷಣ. ಆ ಕ್ಷಣದ ಆಯ್ಕೆಯಲ್ಲಿಯೇ ಶಿಲ್ಪಿಯ ಪ್ರತಿಭೆಯ ಪರೀಕ್ಷೆ.

ಕಾಳಿಯಮರ್ದನವನ್ನು ನೋಡಬಹುದು. ಮಡುವಿಗೆ ಧುಮುಕಿದುದು, ಸರ್ಪವು ಸುತ್ತಿಕೊಂಡುದು, ಗೋಪರು ಗೋಳಿಟ್ಟುದು, ಇವೆಲ್ಲ ಕಥೆಗೆ ಸೇರಿದ್ದರೂ ಶಿಲ್ಪಿಯು ಆರಿಸಿಕೊಂಡುದು ಹೆಡೆಯ ಮೇಲಣ ನರ್ತನವನ್ನು. ಯುದ್ಧವು ನೃತ್ಯವಾದೊಡನೆ ಅರ್ಥವೇ ಬೇರೆಯಾಯಿತು. ಭಾಗವತದಲ್ಲಿ ಕಾಳಿಯನು ಸಾಯುವುದಿಲ್ಲ; ಶರಣಾಗಿ ಮಡುವನ್ನು ಬಿಟ್ಟು ಹೋಗುವನು. ಕೊಲ್ಲದೆ ಗೆಲ್ಲುವ ಈ ಬಗೆಯನ್ನು ಕುಣಿಯುವ ಪಾದವು ಮಾತಿಲ್ಲದೆ ತಿಳಿಸುವುದು. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಕಥೆಯು ವಾಚ್ಯ, ನರ್ತನವು ವ್ಯಂಜಕ, ಅನುಗ್ರಹವು ಧ್ವನಿ.

ಸಂಕೇತವೆಲ್ಲವೂ ಧ್ವನಿಯಲ್ಲ. ಚತುರ್ವಿಂಶತಿ ವಿಷ್ಣುಮೂರ್ತಿಗಳನ್ನು ಶಂಖ, ಚಕ್ರ, ಗದಾ, ಪದ್ಮಗಳ ಕ್ರಮದಿಂದಲೇ ಗುರುತಿಸಬೇಕು. ಮೇಲಿನ ಬಲಗೈಯಲ್ಲಿ ಶಂಖ, ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ, ಬಲಗೈಯಲ್ಲಿ ಪದ್ಮವಿದ್ದರೆ ಅವನು ಕೇಶವನು. ಕ್ರಮವು ಬದಲಾದರೆ ಹೆಸರೂ ಬದಲಾಗುವುದು. ಇದು ಶಾಸ್ತ್ರವು ವಿಧಿಸಿದ ಲಕ್ಷಣ. ಕಲಿತರೆ ಯಾರಿಗಾದರೂ ತಿಳಿದೀತು. ನರ್ತನದ ಅರ್ಥವಾದರೋ ಸಹೃದಯನಿಗೆ ಮಾತ್ರ ಹೊಳೆಯತಕ್ಕದ್ದು. ಇವೆರಡನ್ನು ಬೆರಸಿ, ಕಂಡ ಹಂಸಮಕರಗಳಿಗೆಲ್ಲ ವೇದಾಂತವನ್ನು ಹೊರಿಸುವುದು ಪಾಂಡಿತ್ಯವಲ್ಲ.

ದೋಷವನ್ನೂ ಹೇಳಬೇಕು. ಮಲ್ಲಿತಮ್ಮನಲ್ಲಿ ಚಲನೆಯುಂಟು, ಬೈಚೋಜನ ಸೌಮ್ಯವಾದ ಒಪ್ಪವು ಎಲ್ಲೆಡೆಯೂ ಇಲ್ಲ. ಆಭರಣಗಳ ಭಾರದಲ್ಲಿ ಅಂಗಭಂಗಿಯು ಮುಚ್ಚಿಹೋಗುವುದೂ ಉಂಟು. ಅಲಂಕಾರವು ರಸವನ್ನು ನುಂಗಬಾರದೆಂಬ ನಿಯಮವು ಕವಿಗಿರುವಂತೆ ಶಿಲ್ಪಿಗೂ ಇರುವುದು.

೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು, ಸಂತೋಷವೇ ಸರಿ. ನುಗ್ಗೇಹಳ್ಳಿಯು ಅದರೊಳಗಿಲ್ಲ. ಆದರೆ ಪಟ್ಟಿಯು ಕಲ್ಲನ್ನು ಕಾಯಬಲ್ಲುದೇ ಹೊರತು ಅರ್ಥವನ್ನು ಕಾಯಲಾರದು. ಸಾಲಗಾಮೆಯಂತಹ ನಮ್ಮ ಸೀಮೆಯ ಊರುಗಳ ಮನೆಗಳಲ್ಲಿ ಮಕ್ಕಳಿಗೆ ಕಾಳಿಯನ ಕಥೆಯನ್ನು ಹೇಳುವವರು ಇಲ್ಲವಾದರೆ, ಮಲ್ಲಿತಮ್ಮನ ಹೆಸರು ಕಲ್ಲಿನಲ್ಲಿ ಉಳಿದೂ ಅವನ ಮಾತು ಅಳಿದಂತಾಗುವುದು.