ಬೆಕ್ಕಿಗೊಂದು ತೊಟ್ಟಿ

ನಂಜನಗೂಡು ಕಡೆಯ ಬಿಳಿಗೆರೆ ಸೀಮೆಯ ಮನೆಗಳಲ್ಲಿ ಹೊತ್ತು ಮುಳುಗುವಾಗ ಒಂದು ಸುತ್ತು ಕೆಲಸ ಇದ್ದೇ ಇರುತ್ತದೆ. ದನ ಕೊಟ್ಟಿಗೆ ಸೇರಬೇಕು, ಆಡು ಕುರಿ ಒಳಗಾಗಬೇಕು. ಹೇಂಟೆಯನ್ನೂ ಪಿಳ್ಳೆಗಳನ್ನೂ ಕೂಡಿಸಿ ಮಂಕರಿ ಕವುಚಿ, ಮೇಲೊಂದು ಕಲ್ಲು ಹೇರಬೇಕು. ಚಿರತೆಯ ಸುದ್ದಿ ಹಬ್ಬಿದ ಮೇಲೆ ನಾಯಿಯನ್ನೂ ಪಡಸಾಲೆಗೆ ಎಳೆದು ಕಟ್ಟುವವರಿದ್ದಾರೆ. ಎಲ್ಲ ಮುಗಿದು ಬಾಗಿಲಿಗೆ ಚಿಲಕ ಬಿದ್ದಾಗ ಹೊರಗೆ ಉಳಿಯುವುದು ಬೆಕ್ಕು. ಬಟ್ಟಲಿಗೆ ಒಂದಿಷ್ಟು ಹಾಲನ್ನ ಹಾಕಿದರೆ ಅದರ ಪಾಲಿನ ಆರೈಕೆ ಮುಗಿಯಿತು. ಬೆಳಿಗ್ಗೆ ಬಂದರೆ ಬಂತು. ಬಾರದಿದ್ದರೆ ನಾಲ್ಕು ದಿನ ಕಾದು, ಯಾರದೋ ಮನೆಯಿಂದ ಇನ್ನೊಂದು ಮರಿ ತರುತ್ತಾರೆ.

ಇದಕ್ಕೆ ತೀರಾ ಎದುರಾದ ಪದ್ಧತಿಯೊಂದು ಈಗ ನಗರಗಳಲ್ಲಿ ಬೇರೂರುತ್ತಿದೆ. ಬೆಕ್ಕಿಗೆಂದೇ ಮನೆಗೆ ತಾಗಿಸಿ ಕಟ್ಟುವ ಜಾಲರಿಯ ಹೊರಾಂಗಣ ಅದು. ಕ್ಯಾಟ್, ಪ್ಯಾಟಿಯೊ ಎಂಬ ಎರಡು ಪದಗಳನ್ನು ಬೆಸೆದು ಇದಕ್ಕೆ ‘ಕ್ಯಾಟಿಯೊ’ ಎಂದು ಹೆಸರಿಟ್ಟಿದ್ದಾರೆ. ಆಸ್ಟ್ರೇಲಿಯಾದಲ್ಲಿ ಇದು ಕಾನೂನಿನವರೆಗೂ ಹೋಗಿದೆ. ಅಲ್ಲಿನ ರಾಜಧಾನಿ ಕ್ಯಾನ್‌ಬೆರಾ ಸೇರಿದ ಪ್ರದೇಶದಲ್ಲಿ 2022ರ ಜುಲೈ 1ರಂದು ಅಥವಾ ನಂತರ ಹುಟ್ಟಿದ ಪ್ರತಿ ಸಾಕುಬೆಕ್ಕನ್ನೂ ಮಾಲೀಕರ ಆವರಣದೊಳಗೇ ಇಟ್ಟುಕೊಳ್ಳಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅದರ ಸಣ್ಣ ರೂಪ ಕಾಣುತ್ತದೆ: ಬಾಲ್ಕನಿಗೆ ಪಾರಿವಾಳದ ಬಲೆ ಬಿಗಿದು, ಒಂದು ಸ್ಟೂಲು ಇಟ್ಟು, ಇದು ಬೆಕ್ಕಿನ ಜಾಗ ಎನ್ನುತ್ತಾರೆ. ಮೈಸೂರಿನ ಬಡಾವಣೆಗಳಲ್ಲಿ ಕಾಂಪೌಂಡ್ ಗೋಡೆಗೂ ಮನೆಗೂ ನಡುವಿನ ಓಣಿಯಂಥ ಜಾಗಕ್ಕೆ ಗ್ರಿಲ್ ಹಾಕಿಸುತ್ತಾರೆ.

ಇದು ಬೇಕೇ? ಬೇಕಾದರೆ ಹೇಗಿರಬೇಕು? ನಂಜನಗೂಡು, ತಿ. ನರಸೀಪುರದ ನಡುವಿನ ಹಳ್ಳಿಗಳಿಗೆ ಈ ಪ್ರಶ್ನೆ ದೂರದ್ದಲ್ಲ.

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಒಬ್ಬ ಹನ್ನೊಂದು ವರ್ಷದ ಹುಡುಗ. ಆಮೇಲೆ ಸರ್ಕಾರ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ರಚಿಸಿತು. ಚಿರತೆ ಈ ಬಯಲಿಗೆ ದಾರಿ ತಪ್ಪಿ ಬಂದ ಪ್ರಾಣಿಯಲ್ಲ. ಆಳೆತ್ತರದ ಕಬ್ಬಿನ ಗದ್ದೆ ಅದಕ್ಕೆ ಮರಿ ಹಾಕಲು ತಕ್ಕ ಮರೆ, ಊರಂಚಿನ ನಾಯಿ ಬೆಕ್ಕುಗಳು ಸುಲಭದ ಊಟ. ಮಹಾರಾಷ್ಟ್ರದ ಅಕೋಲೆಯ ಬಯಲಿನಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಅಲ್ಲಿಯೂ ಕಬ್ಬಿನದೇ ಸೀಮೆ. ಚಿರತೆಯ ಆಹಾರದ ತೂಕದಲ್ಲಿ ನಾಯಿಯೊಂದರ ಪಾಲೇ ಶೇ. 39ರಷ್ಟಿತ್ತು, ಸಾಕುಬೆಕ್ಕಿನ ಕುರುಹೂ ಹಿಕ್ಕೆಗಳಲ್ಲಿ ಸಿಕ್ಕಿತು. ಹೀಗಿರುವಾಗ ರಾತ್ರಿ ಹೊರಗೆ ಬಿಟ್ಟ ಬೆಕ್ಕು ತಾನೊಂದೇ ಅಪಾಯಕ್ಕೆ ಸಿಲುಕುವುದಿಲ್ಲ. ಅಂಗಳದವರೆಗೆ ಚಿರತೆಯನ್ನು ಕರೆತರುವ ಕಾರಣಗಳಲ್ಲಿ ಅದೂ ಒಂದಾಗುತ್ತದೆ.

ಚಿರತೆಗಿಂತ ಹೆಚ್ಚು ಬೆಕ್ಕುಗಳನ್ನು ಕೊಲ್ಲುವ ಇನ್ನೂ ಕೆಲವು ಕಾರಣಗಳು ಸುದ್ದಿಯಾಗುವುದಿಲ್ಲ. ಬೀದಿನಾಯಿಗಳ ಹಿಂಡು, ಕಬ್ಬಿನ ಲಾರಿ ಓಡುವ ರಸ್ತೆ, ಇಲಿಪಾಷಾಣ ತಿಂದ ಇಲಿಯನ್ನು ತಿನ್ನುವುದು, ಗಂಡುಬೆಕ್ಕುಗಳ ಕಾಳಗದ ಕೀವುಗಾಯ. ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗ ಮರಿಗಳನ್ನು ವಾಂತಿ ಭೇದಿಯಲ್ಲಿ ದಿನಗಳೊಳಗೆ ಮುಗಿಸುತ್ತದೆ. ಆ ವೈರಸ್ಸು ನೆಲದಲ್ಲಿ, ಚಿಂದಿ ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಇನ್ನು ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆಂಬ ನಂಬಿಕೆ ಹಳ್ಳಿಯಲ್ಲಿ ಗಟ್ಟಿಯಾಗಿದೆ. ಆದರೆ ಹುಚ್ಚುನಾಯಿ ಕಚ್ಚಿದ ಬೆಕ್ಕು ಮನೆಯ ಮಗುವನ್ನು ಪರಚಿದರೂ ಕಚ್ಚಿದರೂ ಲಸಿಕೆ ಹಾಕಿಸಲೇಬೇಕು.

ಅಂದರೆ ಆವರಣದ ಅಗತ್ಯದಲ್ಲಿ ಅನುಮಾನವಿಲ್ಲ. ಅನುಮಾನವಿರುವುದು ಈಗ ಕಟ್ಟುತ್ತಿರುವ ಆವರಣಗಳ ಬಗ್ಗೆ.

ಅವುಗಳಲ್ಲಿ ಬಹುಪಾಲು ಮನುಷ್ಯನ ಭಯಕ್ಕೆ ಕಟ್ಟಿದ ಪೆಟ್ಟಿಗೆಗಳು. ಬೆಕ್ಕು ತಪ್ಪಿಸಿಕೊಳ್ಳಬಾರದು ಎನ್ನುವಲ್ಲಿಗೆ ಅವುಗಳ ಯೋಚನೆ ಮುಗಿಯುತ್ತದೆ. ವೆಲ್ಡಿಂಗ್ ಅಂಗಡಿಗೆ ಉದ್ದ ಅಗಲದ ಅಳತೆ ಕೊಡುತ್ತಾರೆ. ಎತ್ತರದಲ್ಲಿ ಏನಿರಬೇಕೆಂದು ಹೇಳುವುದಿಲ್ಲ. ಬೆಕ್ಕು ನೆಲವನ್ನು ಆಳುವ ಪ್ರಾಣಿಯಲ್ಲ. ಅಟ್ಟ, ಗೋಡೆಯ ತಲೆ, ಹೆಂಚಿನ ಸೂರುಗಳ ಮೇಲೆ ಅದರ ಬದುಕು ನಡೆಯುತ್ತದೆ. ಹತ್ತಡಿ ಉದ್ದದ ಬೋಳು ಓಣಿಗಿಂತ ಆರಡಿ ಚೌಕದಲ್ಲಿ ಮೂರು ಅಂತಸ್ತಿನ ಹಲಗೆಗಳಿರುವ ಜಾಗ ಅದಕ್ಕೆ ದೊಡ್ಡದು. ಎಲ್ಲ ಕಡೆಯಿಂದಲೂ ಕಾಣುವ ಜಾಲರಿಯ ನಡುವೆ ಮರೆಯಿಲ್ಲದೆ ಕೂರಿಸುವುದು ಇನ್ನೊಂದು ತಪ್ಪು. ನೆದರ್‌ಲ್ಯಾಂಡ್ಸಿನ ಯುಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳನ್ನು ಎರಡು ಗುಂಪು ಮಾಡಿ ನೋಡಿದರು. ಅಡಗಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಸಿಗದವಕ್ಕಿಂತ ಬೇಗ ಹೊಸ ಜಾಗಕ್ಕೆ ಹೊಂದಿಕೊಂಡವು. ಒಂದು ಹಳೆಯ ರಟ್ಟಿನ ಡಬ್ಬದಿಂದ ಆಗುವ ಕೆಲಸ ಅದು.

ಈ ತಪ್ಪಿಗೆ ಮದ್ದನ್ನು ಮೈಸೂರಿನವರು ದೂರ ಹುಡುಕಬೇಕಾಗಿಲ್ಲ. 1892ರಲ್ಲಿ ಶುರುವಾದ ಚಾಮರಾಜೇಂದ್ರ ಮೃಗಾಲಯದಲ್ಲಿ ಬೆಕ್ಕಿನ ಕುಲದ ದೊಡ್ಡ ಪ್ರಾಣಿಗಳನ್ನು ಕಂಬಿಯ ಪಂಜರದಿಂದ ಬಿಡಿಸಿ, ಸುತ್ತ ಕಂದಕ ತೋಡಿದ ಬಯಲು ಆವರಣಕ್ಕೆ ತಂದ ಕಥೆ ಹಲವು ತಲೆಮಾರು ನೋಡಿರುವಂಥದ್ದು. ಶಾಲೆಯ ಪ್ರವಾಸದಲ್ಲಿ ನಂಜನಗೂಡಿನ ಮಕ್ಕಳು ಅಲ್ಲಿ ಕಾಣುವ ಚಿರತೆಗೆ ಏರಿ ಮಲಗಲು ಮರದ ಅಟ್ಟಣೆಯಿದೆ, ನೆರಳಿದೆ, ನೋಡುವವರಿಂದ ಮರೆಯಾಗಲು ಜಾಗವಿದೆ. 1992ರಲ್ಲಿ ರಚನೆಯಾದ ಕೇಂದ್ರ ಮೃಗಾಲಯ ಪ್ರಾಧಿಕಾರದ ನಿಯಮಗಳೂ ಆವರಣವು ಪ್ರಾಣಿಯ ಜೈವಿಕ ಅಗತ್ಯಕ್ಕೆ ತಕ್ಕಂತಿರಬೇಕೆನ್ನುತ್ತವೆ. ಚಿರತೆಗೆ ಒಪ್ಪಿಕೊಂಡ ಈ ಮಾತನ್ನು ಮನೆಯ ಬೆಕ್ಕಿಗೂ ಒಪ್ಪಿಕೊಂಡರೆ ಸಾಕು. ಎರಡೂ ಒಂದೇ ಕುಲದವು. ಗಾತ್ರ ಬೇರೆ, ಸ್ವಭಾವ ಬಹುಮಟ್ಟಿಗೆ ಅದೇ.

ಅದಕ್ಕಿಂತ ಹತ್ತಿರದ ಮಾದರಿ ಈ ಸೀಮೆಯ ಹಳೆಯ ತೊಟ್ಟಿಮನೆ. ನಾಲ್ಕೂ ಕಡೆ ಹೆಂಚಿನ ಇಳಿಜಾರು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ. ಕೋತಿ, ಕಳ್ಳರ ಕಾಟಕ್ಕೆಂದು ತೊಟ್ಟಿಯ ಬಾಯಿಗೆ ಕಬ್ಬಿಣದ ಕಂಬಿ ಹಾಕಿಸಿದ ಮನೆಗಳು ಎಷ್ಟೋ ಇವೆ. ಅಲ್ಲಿ ಬೆಕ್ಕು ದಿನ ಕಳೆಯುವುದನ್ನು ನೋಡಬೇಕು. ಬೆಳಿಗ್ಗೆ ಬಿಸಿಲು ಪಡುವಣದ ಕಂಬಕ್ಕೆ ಬಿದ್ದಾಗ ಬೆಕ್ಕು ಆ ಕಂಬದ ಬುಡದಲ್ಲಿರುತ್ತದೆ. ಕಂಬಿಗಳ ನೆರಳು ಗೀಟುಗೀಟಾಗಿ ಕಲ್ಲುಹಾಸಿನ ಮೇಲೆ ಸರಿದಂತೆ ಅದೂ ಎದ್ದು, ಮೈಮುರಿದು, ಒಂದು ಮಾರು ಈಚೆ ಬಂದು ಮಲಗುತ್ತದೆ. ನಡುಹಗಲಿಗೆ ಕಲ್ಲು ಕಾದಾಗ ಪಡಸಾಲೆಯ ನೆರಳಿಗೆ, ಅಲ್ಲಿಂದ ಅಟ್ಟದ ಏಣಿಯ ಮೂರನೇ ಮೆಟ್ಟಿಲಿಗೆ. ಸೂರಿನಿಂದ ಗುಬ್ಬಿಯೊಂದು ಇಳಿದರೆ ಬಾಲದ ತುದಿ ಮಾತ್ರ ಅಲುಗುತ್ತದೆ. ಬಿಸಿಲು, ನೆರಳು, ಎತ್ತರ, ಮರೆ, ನೋಡಲು ಆಕಾಶ ಎಲ್ಲವೂ ಮನೆಯ ಹೊಟ್ಟೆಯೊಳಗೇ ಇವೆ. ಮನೆಯ ಜನ ಓಡಾಡುವ ದಾರಿಯೂ ಅದೇ. ಕ್ಯಾಟಿಯೊ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲೇ ಅದರ ಸಾರವೆಲ್ಲ ಇಲ್ಲಿತ್ತು. ಕೊರತೆ ಒಂದೇ: ಕಂಬಿಗಳ ನಡುವಿನ ಅಂತರದಲ್ಲಿ ಬೆಕ್ಕು ಸಲೀಸಾಗಿ ತೂರಿ ಹೆಂಚು ಏರುತ್ತದೆ. ಆ ಕಂಬಿಗಳ ಮೇಲೆ ಒಂದು ಇಂಚು ಕಣ್ಣಿನ ಮೆಶ್ ಬಿಗಿದರೆ ತೊಟ್ಟಿ ಪೂರ್ಣ ಆವರಣವಾಗುತ್ತದೆ. ಮಳೆನೀರು ಹಿಂದಿನಂತೆಯೇ ಇಳಿಯುತ್ತದೆ.

ತೊಟ್ಟಿಮನೆಗಳನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟುವ ಕಾಲವಿದು. ಹಾಗಾಗಿ ಹಿತ್ತಿಲಲ್ಲೋ ತಾರಸಿಯಲ್ಲೋ ಹೊಸದಾಗಿ ಕಟ್ಟುವವರಿಗೆ ಕೆಲವು ವಿವರಗಳು ಮುಖ್ಯ. ಅಗ್ಗವೆಂದು ಬಳಸುವ ಕೋಳಿ ಜಾಲರಿ, ಅಂದರೆ ಆರು ಮೂಲೆಯ ಕಣ್ಣಿನ ತೆಳು ತಂತಿ, ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಎರಡು ಮಳೆಗಾಲ ಕಂಡರೆ ತುಕ್ಕು ಹಿಡಿದು, ಕಿತ್ತ ತಂತಿಯ ತುದಿ ಬೆಕ್ಕಿನ ಪಾದಕ್ಕೇ ಚುಚ್ಚುತ್ತದೆ. ಜಿಐ ವೆಲ್ಡ್ ಮೆಶ್ಶೇ ಸರಿ. ನೆಲದಿಂದ ಎರಡು ಅಡಿಯವರೆಗೆ ಅರ್ಧ ಇಂಚು ಕಣ್ಣಿನದು ಇರಲಿ. ಗದ್ದೆ ಬದುವಿನ ಮನೆಗಳಲ್ಲಿ ಇಲಿ ಇದ್ದಲ್ಲಿಗೆ ನಾಗರವೂ ಕೊಳಕುಮಂಡಲವೂ ಬರುತ್ತವೆ. ಅರ್ಧ ಇಂಚಿನ ಕಣ್ಣು ಮರಿಹಾವನ್ನು ತಡೆಯದು, ಬೆಳೆದದ್ದನ್ನು ತಡೆಯುತ್ತದೆ. ಜಾಲರಿಯನ್ನು ನೆಲಕ್ಕೆ ತಾಗಿಸಿ ಬಿಡದೆ ಒಂದು ಸಾಲು ಕಲ್ಲಿನ ಕಟ್ಟೆಯೊಳಗೆ ಹುಗಿಯಬೇಕು. ಬಾಗಿಲು ಎರಡಿರಬೇಕು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಬೆಕ್ಕು ನುಸುಳುವುದು ಬಾಗಿಲು ತೆರೆದ ಆ ಒಂದು ಕ್ಷಣದಲ್ಲೇ.

ಮೇಲೆ ತಗಡು ಹೊದಿಸುವುದು ದೊಡ್ಡ ತಪ್ಪು. ಏಪ್ರಿಲ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುವ ಈ ಸೀಮೆಯಲ್ಲಿ ತಗಡಿನ ಕೆಳಗಿನ ಹಲಗೆ ಕಾದ ಹೆಂಚಾಗುತ್ತದೆ. ಅರ್ಧ ಭಾಗಕ್ಕೆ ತೆಂಗಿನ ಸೋಗೆ ಹಾಸಿ, ಅರ್ಧ ಬಿಸಿಲಿಗೆ ಬಿಟ್ಟರೆ ಬೆಕ್ಕು ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತದೆ. ಉಗುರು ಮಸೆಯಲು ಅಂಗಡಿಯ ಕಂಬ ಬೇಡ. ಸರ್ವೆ ಗಳುವೊಂದಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿದರಾಯಿತು. ಗಿಡದ ವಿಷಯದಲ್ಲಿ ಎಚ್ಚರ ಬೇಕು. ಕಣಗಿಲೆ ವಿಷ. ಲಿಲ್ಲಿ ಹೂವಿನ ಕೆಲವು ಜಾತಿಗಳ ಪರಾಗ ಮೈಗೆ ಅಂಟಿ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ಗರಿಕೆಯ ಒಂದು ಮಡಿ ಇದ್ದರೆ ಬೆಕ್ಕು ತಾನಾಗಿ ಮೇಯುತ್ತದೆ. ಬೇರೆ ದೇಶದವರು ಹಣ ಕೊಟ್ಟು ಬೆಕ್ಕು ಮೆಚ್ಚುವ ಕ್ಯಾಟ್‌ನಿಪ್ ಎಂಬ ಗಿಡ ತರಿಸುತ್ತಾರೆ. ನಮ್ಮ ತಿಪ್ಪೆಯ ಅಂಚಿನಲ್ಲಿ ಕಳೆಯಂತೆ ಬೆಳೆಯುವ ಕುಪ್ಪಿಗಿಡವನ್ನು ಬೇರುಸಹಿತ ಕಿತ್ತು ಮುಂದಿಟ್ಟರೆ ಬೆಕ್ಕು ಅದರ ಮೇಲೆ ಬಿದ್ದು ಹೊರಳಾಡುತ್ತದೆ.

ಇಷ್ಟು ಮಾಡಿದ ಮೇಲೂ ಈ ಪದ್ಧತಿಯ ಒಂದು ಮಿತಿಯನ್ನು ಅದರ ಪ್ರಚಾರಕರು ಹೇಳುವುದಿಲ್ಲ. ಕ್ಯಾಟಿಯೊದ ನಕ್ಷೆಗಳೆಲ್ಲ ಚಿರತೆಯಿಲ್ಲದ ಊರಿನವು. ಹಿತ್ತಿಲ ಜಾಲರಿಯೊಳಗೆ ಬೆಕ್ಕನ್ನು ರಾತ್ರಿಯೂ ಬಿಟ್ಟರೆ ಅದಕ್ಕೆ ಓಡಿಹೋಗುವ ದಾರಿಯೂ ಇಲ್ಲದಂತಾಗುತ್ತದೆ. ಕೋಳಿಗೂಡು ಮುರಿಯುವ ಚಿರತೆಗೆ ಸಾಧಾರಣ ಮೆಶ್ ಹೆಚ್ಚಿನ ಅಡ್ಡಿಯಲ್ಲ. ಆದ್ದರಿಂದ ಇಲ್ಲಿ ಆವರಣ ಹಗಲಿನದು. ರಾತ್ರಿಗೆ ಗೋಡೆ, ಬಾಗಿಲಿನ ಮನೆಯೇ ಬೇಕು. ಕಿಟಕಿಯಿಂದಲೋ ಗೋಡೆಯ ಕಿಂಡಿಯಿಂದಲೋ ಮನೆಗೆ ನೇರ ಸೇರದ, ಹಿತ್ತಿಲ ಮೂಲೆಯಲ್ಲಿ ಒಂಟಿಯಾಗಿ ನಿಂತ ಆವರಣವನ್ನು ಈ ಸೀಮೆಯಲ್ಲಿ ಕಟ್ಟಲೇಬಾರದು.

ರೈತರ ಆಕ್ಷೇಪ ಬೇರೆ, ಅದು ಗಟ್ಟಿಯಾದದ್ದು. ಬೆಕ್ಕನ್ನು ಕೂಡಿಹಾಕಿದರೆ ಭತ್ತದ ಮೂಟೆ ಕಾಯುವವರು ಯಾರು? ಈ ಬಯಲಿನಲ್ಲಿ ಬೆಕ್ಕು ಮನೆ ಸೇರಿದ್ದೇ ಇಲಿಯ ದೆಸೆಯಿಂದ. ಆದರೆ ಮೂಟೆ ಇರುವುದು ಮನೆಯೊಳಗೆ, ಇಲಿ ಓಡಾಡುವುದು ರಾತ್ರಿ. ಕತ್ತಲಾದ ಮೇಲೆ ಬೆಕ್ಕನ್ನು ಉಗ್ರಾಣದ ಬಳಿ ಒಳಗೆ ಸೇರಿಸಿಕೊಂಡರೆ ಅದು ತನ್ನ ಕೆಲಸದ ಜಾಗದಲ್ಲೇ ಇರುತ್ತದೆ. ಹೊರಗೆ ಅಲೆಯುವ ಬೆಕ್ಕು ಇಲಿಯನ್ನಷ್ಟೇ ಹಿಡಿಯುವುದಿಲ್ಲ. ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರ ಅಧ್ಯಯನವೊಂದು ಅಂದಾಜಿಸಿತು. ಬೇಲಿಯಲ್ಲಿ ಗೂಡು ಕಟ್ಟುವ ರಾಟವಾಳಗಳಿಗೆ, ಹೆಂಚಿನ ಸಂದಿನ ಗುಬ್ಬಿಗಳಿಗೆ ಇಲ್ಲಿಯೂ ಅದೇ ಹಲ್ಲು.

ಆವರಣ ಕಟ್ಟಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಬಿಟ್ಟರೆ ಮಾತ್ರ ಅದು ಹಿಂಸೆಯೇ. ಬೆದೆಗೆ ಬಂದ ಹೆಣ್ಣುಬೆಕ್ಕು ಜಾಲರಿಗೆ ಮೈಯುಜ್ಜಿ ರಾತ್ರಿಯಿಡೀ ಕೂಗುತ್ತದೆ. ಗಂಡು ಮೂಲೆಮೂಲೆಗೆ ಮೂತ್ರ ಸಿಡಿಸುತ್ತದೆ. ಹೆಣ್ಣುಮರಿ ಆರು ತಿಂಗಳಿಗೆ ಮೊದಲೇ ಗಬ್ಬ ನಿಲ್ಲಬಹುದು, ಒಂಬತ್ತು ವಾರದಲ್ಲಿ ಮರಿ ಹಾಕುತ್ತದೆ. ಮೆಶ್ಶಿಗೆ ಖರ್ಚು ಮಾಡುವ ಮೊದಲು ಪಶುವೈದ್ಯರ ಬಳಿ ಲಸಿಕೆ ಮತ್ತು ಶಸ್ತ್ರಚಿಕಿತ್ಸೆಗೆ ಖರ್ಚು ಮಾಡಬೇಕು.

ಹಣವಿಲ್ಲದ ಮನೆಯೂ ಈ ಪದ್ಧತಿಯ ಅರ್ಧ ಲಾಭವನ್ನು ಪಡೆಯಬಹುದು. ಅದಕ್ಕೆ ಬೇಕಾದದ್ದು ಬೆಕ್ಕಿನ ಊಟದ ಹೊತ್ತನ್ನು ಬದಲಿಸುವುದು. ಬಟ್ಟಲನ್ನು ಜಗಲಿಯಿಂದ ತೆಗೆದು ಒಳಗಿನ ಪಡಸಾಲೆಗೆ ತಂದು, ಪಿಳ್ಳೆಗಳ ಮೇಲೆ ಮಂಕರಿ ಕವುಚುವ ಸಮಯಕ್ಕೇ ದಿನವೂ ಅನ್ನ ಹಾಕುತ್ತಾ ಹೋದರೆ, ಕೆಲವೇ ವಾರದಲ್ಲಿ ಬೆಕ್ಕು ಆ ಕಲ್ಲು ಹೇರುವ ಸದ್ದಿಗೆ ತಾನೇ ಹೊಸ್ತಿಲು ದಾಟಿ ಬರುತ್ತದೆ. ಆಮೇಲೆ ಬಾಗಿಲು ಹಾಕಿಕೊಳ್ಳಬಹುದು.