ದೊಡ್ಡ ಡಿಸ್ಕ್, ಅದೇ ಹಳೆಯ ಜಾಗ

ಯಲಿಯೂರಿನ ಫೋಟೊ ಸ್ಟುಡಿಯೊ ಒಂದರ ಕಂಪ್ಯೂಟರಿನಲ್ಲಿ ಮದುವೆ ವಿಡಿಯೊಗಳು ತುಂಬಿ 500 ಜಿಬಿಯ ಡಿಸ್ಕ್ ಭರ್ತಿಯಾಗಿತ್ತು. ಮಾಲೀಕರು 2 ಟಿಬಿಯ ಹೊಸ ಡಿಸ್ಕ್ ತಂದು, ಹಳೆಯದನ್ನು ‘ಡಿಡಿ’ ಕಮಾಂಡಿನಿಂದ ಇದ್ದದ್ದು ಇದ್ದಹಾಗೆ ನಕಲು ಮಾಡಿದರು. ಉಬುಂಟು ಸರಿಯಾಗಿಯೇ ಬೂಟ್ ಆಯಿತು. ಖಾಲಿ ಜಾಗ ಮಾತ್ರ ಒಂದು ಜಿಬಿಯೂ ಹೆಚ್ಚಲಿಲ್ಲ. ಪರಿಚಯದವರು ಹೇಳಿದರೆಂದು ಫೈಲ್ ಸಿಸ್ಟಮ್ ಹಿಗ್ಗಿಸುವ ‘ರಿಸೈಜ್‌ಟುಎಫ್‌ಎಸ್’ ಓಡಿಸಿದರೆ, ಫೈಲ್ ಸಿಸ್ಟಮ್ ಈಗಾಗಲೇ ಇಷ್ಟು ಬ್ಲಾಕ್ ಉದ್ದವಿದೆ, ಮಾಡುವುದೇನೂ ಇಲ್ಲ ಎಂಬ ಉತ್ತರ ಬಂತು. ಫಾರ್ಮ್ಯಾಟ್ ಮಾಡಿ ಮೊದಲಿನಿಂದ ಶುರು ಮಾಡಿ ಎಂಬ ಸಲಹೆಯೂ ಆಗಲೇ ಸಿಕ್ಕಿತ್ತು.

ಆ ಸಲಹೆ ಕೇಳಬೇಕಾಗಿರಲಿಲ್ಲ. ಪರದೆಯ ಮೇಲೆ ಬಂದದ್ದು ದೋಷದ ಸಂದೇಶವೇ ಅಲ್ಲ. ನನಗೆ ಕೊಟ್ಟ ಜಾಗವನ್ನೆಲ್ಲ ಆಗಲೇ ಬಳಸಿಕೊಂಡಿದ್ದೇನೆ, ತೊಂದರೆ ನನ್ನ ಕೆಳಗಿದೆ ಎಂದು ಫೈಲ್ ಸಿಸ್ಟಮ್ ನಿಜವನ್ನೇ ಹೇಳುತ್ತಿತ್ತು. ಕೆಆರ್‌ಎಸ್ ತುಂಬಿದ ಮಾತ್ರಕ್ಕೆ ಗದ್ದೆಗೆ ನೀರು ಹರಿಯುವುದಿಲ್ಲ. ವಿಶ್ವೇಶ್ವರಯ್ಯ ನಾಲೆ, ಉಪನಾಲೆ, ತೂಬು ಒಂದೊಂದೂ ತೆರೆಯಬೇಕೆಂದು ಮಂಡ್ಯದ ರೈತರಿಗೆ ಹೇಳಿಕೊಡಬೇಕಿಲ್ಲ. ಇಲ್ಲಿಯೂ ಡಿಸ್ಕ್, ಅದರ ಮೇಲೆ ಪಾರ್ಟಿಷನ್, ಅದರೊಳಗೆ ಫೈಲ್ ಸಿಸ್ಟಮ್. ಎಲ್‌ವಿಎಂ ಇದ್ದರೆ ನಡುವೆ ಇನ್ನೂ ಮೂರು ಹಂತ. ‘ರಿಸೈಜ್‌ಟುಎಫ್‌ಎಸ್’ ಕೈ ಹಾಕುವುದು ಕೊನೆಯ ಹಂತಕ್ಕೆ ಮಾತ್ರ.

ಕೆಳಗಿನ ಹಂತ ನೋಡಲು ನಾವು ಪಾರ್ಟಿಷನ್ ಪಟ್ಟಿ ತಿದ್ದುವ ‘ಪಾರ್ಟೆಡ್’ ತೆರೆದಾಗ ಎರಡು ಅಡ್ಡಿ ಕಂಡವು. ಜಿಪಿಟಿ ಪದ್ಧತಿಯಲ್ಲಿ ಪಾರ್ಟಿಷನ್ ಪಟ್ಟಿಯ ಒಂದು ಪ್ರತಿ ಡಿಸ್ಕಿನ ಆರಂಭದಲ್ಲಿ, ಇನ್ನೊಂದು ಕಟ್ಟಕಡೆಯಲ್ಲಿ ಇರುತ್ತದೆ. 500 ಜಿಬಿಯನ್ನು 2 ಟಿಬಿಗೆ ನಕಲು ಮಾಡಿದಾಗ ಆ ಎರಡನೆಯ ಪ್ರತಿ ಡಿಸ್ಕಿನ ಕಾಲು ಭಾಗದಲ್ಲೇ ಉಳಿದಿತ್ತು. ಡಿಸ್ಕ್ ಅಲ್ಲಿಗೇ ಮುಗಿಯಿತೆಂಬುದು ಪಟ್ಟಿಯ ಲೆಕ್ಕ. ಸರಿಪಡಿಸಲೇ ಎಂದು ‘ಪಾರ್ಟೆಡ್’ ತಾನೇ ಕೇಳುತ್ತದೆ. ಹೂಂ ಅನ್ನಬೇಕು, ಅಷ್ಟೆ.

ಎರಡನೆಯ ಅಡ್ಡಿಯೇ ನಿಜವಾದ ಕಗ್ಗಂಟು. ಉಬುಂಟು 17.04ಕ್ಕಿಂತ ಹಿಂದಿನ ಆವೃತ್ತಿಗಳು, ಮೆಮೊರಿ ಸಾಲದಾದಾಗ ನೆರವಾಗುವ ಸ್ವಾಪ್‌ಗೆ ಪ್ರತ್ಯೇಕ ಪಾರ್ಟಿಷನ್ ಮಾಡುತ್ತಿದ್ದವು. ಆ ಕಾಲದ ಈ ಕಂಪ್ಯೂಟರಿನಲ್ಲಿ ಮುಖ್ಯ ಪಾರ್ಟಿಷನ್ನಿನ ಬೆನ್ನಿಗೇ ಸ್ವಾಪ್ ಕೂತಿತ್ತು. ಖಾಲಿ ಜಾಗವೆಲ್ಲ ಅದರ ಆಚೆ. ಪಾರ್ಟಿಷನ್ ಬೆಳೆಯುವುದು ಪಕ್ಕದ ಜಾಗಕ್ಕೇ ಹೊರತು ನಡುವಿನದನ್ನು ಹಾರಿ ಅಲ್ಲ. ಹಾಗಾಗಿ ಸ್ವಾಪ್ ಆಫ್ ಮಾಡಿ, ಆ ಪಾರ್ಟಿಷನ್ ತೆಗೆದು, ಮುಖ್ಯವಾದದ್ದನ್ನು ಕೊನೆಯವರೆಗೆ ಚಾಚಿದೆವು. ಸ್ವಾಪ್‌ಗೆ ಒಂದು ಫೈಲ್ ಸಾಕಾಯಿತು. ‘ಎಫ್‌ಎಸ್‌ಟ್ಯಾಬ್’ ಫೈಲಿನಲ್ಲಿ ಹಳೆಯ ಸ್ವಾಪ್‌ನ ಸಾಲು ಅಳಿಸಲು ಮರೆಯಬಾರದು, ಉಳಿದರೆ ಪ್ರತಿ ಸಲ ಬೂಟ್ ಆಗುವಾಗ ಕಂಪ್ಯೂಟರ್ ಇಲ್ಲದ ಪಾರ್ಟಿಷನ್ನಿಗಾಗಿ 90 ಸೆಕೆಂಡು ಕಾಯುತ್ತದೆ.

ಹೀಗೆ ಚಾಚುವ ಬದಲು ಕೆಲವರು ಪಾರ್ಟಿಷನ್ ಅಳಿಸಿ ಮತ್ತೆ ಬರೆಯುತ್ತಾರೆ. ಅದು ತಪ್ಪಲ್ಲ, ಆದರೆ ಆರಂಭದ ಸೆಕ್ಟರ್ ಸಂಖ್ಯೆ ಕೂದಲೆಳೆಯಷ್ಟೂ ಬದಲಾಗಬಾರದು. ಮೊದಲು 2048 ಇದ್ದರೆ ಈಗಲೂ 2048. ಒಂದು ಸೆಕ್ಟರ್ ಹಿಂದೆಮುಂದೆ ಆದರೂ ಫೈಲ್ ಸಿಸ್ಟಮ್ ಕಾಣುವುದೇ ಇಲ್ಲ. ಜನ ಗಾಬರಿಯಾಗಿ ಫಾರ್ಮ್ಯಾಟ್ ಒತ್ತಿ ಇದ್ದದ್ದನ್ನೂ ಕಳೆದುಕೊಳ್ಳುವುದು ಇಲ್ಲೇ. ಫಾರ್ಮ್ಯಾಟ್ ಮಾಡದೆ ಹಳೆಯ ಸಂಖ್ಯೆ ತಿರುಗಿ ಬರೆದರೆ ಎಲ್ಲವೂ ವಾಪಸು ಬರುತ್ತದೆ. ಕೆಲಸಕ್ಕೆ ಮುಂಚೆ ಪಾರ್ಟಿಷನ್ ಪಟ್ಟಿಯ ಫೋಟೊ ಒಂದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಕೊನೆಗೆ ಅದೇ ‘ರಿಸೈಜ್‌ಟುಎಫ್‌ಎಸ್’. ಈ ಸಲ ಚಾಲೂ ಇರುವ ಕಂಪ್ಯೂಟರಿನಲ್ಲೇ, ಅನ್‌ಮೌಂಟ್ ಕೂಡ ಮಾಡದೆ ಕೆಲಸ ಮುಗಿಯಿತು. 2008ರ ಕೊನೆಯಲ್ಲಿ ಲಿನಕ್ಸ್ 2.6.28ರೊಂದಿಗೆ ಬಳಕೆಗೆ ಸಿದ್ಧವೆಂದು ಬಂದ ಇಎಕ್ಸ್‌ಟಿ4ರ ಈ ಗುಣ ನನಗೆ ತುಂಬಾ ಇಷ್ಟ: ಮೌಂಟ್ ಆಗಿರುವಾಗಲೇ ಬೆಳೆಯುತ್ತದೆ, ಕುಗ್ಗಿಸಬೇಕಾದರೆ ಮಾತ್ರ ಅನ್‌ಮೌಂಟ್ ಮಾಡಬೇಕು. ಎಕ್ಸ್‌ಎಫ್‌ಎಸ್ ಇರುವವರು ‘ಎಕ್ಸ್‌ಎಫ್‌ಎಸ್ ಗ್ರೋಎಫ್‌ಎಸ್’ ಬಳಸಬೇಕು. ಅದರಲ್ಲಿ ಕುಗ್ಗಿಸುವ ದಾರಿ ಇಲ್ಲವೆಂದೇ ತಿಳಿದು, ಎಷ್ಟು ಬೇಕೋ ಅಷ್ಟೇ ಹಿಗ್ಗಿಸಿ.

ಹಳೆಯ ಡಿಸ್ಕನ್ನು ಮಾರುವ, ಅಳಿಸುವ ಆತುರ ಬೇಡ. ನಿಮ್ಮ ಹತ್ತಿರ ಇರುವ ಬ್ಯಾಕಪ್ ಅದೊಂದೇ. ಆದರೆ ಎರಡು ಡಿಸ್ಕನ್ನೂ ಒಂದೇ ಕಂಪ್ಯೂಟರಿಗೆ ಒಟ್ಟಿಗೆ ಜೋಡಿಸಬೇಡಿ. ನಕಲಾದ್ದರಿಂದ ಎರಡರ ಗುರುತಿನ ಸಂಖ್ಯೆ ಯುಯುಐಡಿಯೂ ಒಂದೇ ಆಗಿರುತ್ತದೆ, ಯಾವುದರಿಂದ ಬೂಟ್ ಆಗುತ್ತದೋ ಹೇಳಲಾಗದು.