ಕೊಂಬೆ ದೀಪಕ್ಕೆ ಬೇಕಾದ ಬೆಳಕು

ಬೆಳುಗುಪ್ಪದಿಂದ ಕಲ್ಯಾಣದುರ್ಗದ ಕಡೆ ಹೊರಟರೆ ರಸ್ತೆಬದಿ, ಕೆರೆಯಂಗಳ, ಬೀಳುಬಿದ್ದ ಹೊಲ ಎಲ್ಲೆಲ್ಲೂ ಬಳ್ಳಾರಿ ಜಾಲಿ. ಜಮೈಕಾದಿಂದ ತರಿಸಿದ ಬೀಜವನ್ನು 1877ರಲ್ಲಿ ಪಕ್ಕದ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಹಾಕಿದ್ದೇ ಇದರ ಆರಂಭ. ಸೌದೆ, ಇದ್ದಿಲು ಬಿಟ್ಟರೆ ಇದರಿಂದ ಬೇರೇನು ಮಾಡಬಹುದೆಂದು ಈ ಸೀಮೆಯಲ್ಲಿ ಯೋಚಿಸಿದವರು ಕಡಿಮೆ. ಕೊಂಬೆ, ಬೊಡ್ಡೆಗಳನ್ನು ಅವುಗಳ ಸೊಟ್ಟ ಆಕಾರದಲ್ಲೇ ಉಳಿಸಿಕೊಂಡು ಮೇಜುದೀಪ, ತೂಗುದೀಪ ಮಾಡುವ ರೂಢಿ ನಗರದ ಮನೆಗಳಲ್ಲೂ ಹೋಂಸ್ಟೇಗಳಲ್ಲೂ ಹಬ್ಬಿರುವಾಗ ನನಗೆ ಮೊದಲು ನೆನಪಾಗುವುದು ಈ ಜಾಲಿಯೇ. ರೂಢಿ ಒಳ್ಳೆಯದು. ಆದರೆ ಮಾಡುವವರ ಗಮನವೆಲ್ಲ ಕೊಂಬೆಯ ಚೆಂದಕ್ಕೆ ಹೋಗಿದೆ, ಬೆಳಕಿನ ಕಡೆ ಹರಿದಿಲ್ಲ.

ಮರವಾಗಿ ಜಾಲಿಗೆ ಹೆಸರಿಡುವಂತಿಲ್ಲ. ಚೇಗು ಕಂದುಗೆಂಪು, ಗಟ್ಟಿ, ಭಾರ. ಒಣಗುವಾಗ ಕುಗ್ಗುವುದೂ ಕಡಿಮೆ. ಹಲಗೆಗೆ ಬಾರದ ಅದರ ಡೊಂಕೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಡಿಸುವುದು ಆತುರ. ಹಸಿ ಕೊಂಬೆಗೆ ವಾರ್ನಿಷ್ ಬಳಿದು ಮಾರಿದರೆ ಬೇಸಿಗೆಗೆ ತುದಿ ಸೀಳುತ್ತದೆ, ತೊಗಟೆ ಏಳುತ್ತದೆ. ಅದರಡಿಯ ಬಿಳಿ ಭಾಗಕ್ಕೆ ಹುಳ ಹತ್ತಿ, ಮೇಜಿನ ಮೇಲೆ ಹಿಟ್ಟು ಉದುರತೊಡಗುತ್ತದೆ. ತೊಗಟೆ ಸುಲಿದು, ತುದಿಗೆ ಮೇಣ ಮೆತ್ತಿ, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಅಗಸೆ ಎಣ್ಣೆ ಉಜ್ಜಬೇಕು. ತೊಗಟೆ ಹೋದರೆ ಕಾಡಿನ ಸೊಗಡೇ ಹೋಯಿತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಜಾಲಿಯ ಸೊಗಸಿರುವುದು ಚೇಗಿನಲ್ಲಿ.

ನನ್ನ ದೊಡ್ಡ ತಕರಾರು ಬಲ್ಬಿನ ಬಗ್ಗೆ. ಇಂಥ ದೀಪಗಳಲ್ಲಿ ಹೆಚ್ಚಾಗಿ ಕಾಣುವುದು ಮರೆಯಿಲ್ಲದೆ ನೇತುಬಿದ್ದ, ಒಳಗಿನ ತಂತಿ ಹೊಳೆಯುವ ಬಲ್ಬು. ಅದು ಕಣ್ಣಿಗೆ ಕುಕ್ಕುತ್ತದೆ, ಆ ಝಳಪಿನಲ್ಲಿ ಪಕ್ಕದ ಮರ ಬರೀ ಕಪ್ಪಗೆ ಕಾಣುತ್ತದೆ. ಮರದೊಳಗೆ ಬೆಳಕು ಹಾಯುವುದಿಲ್ಲ. ಅದನ್ನು ಹಾಯಿಸಿ, ಸೋಸಿ ಕೊಡುವ ಜೊತೆಗಾರ ಬೇಕು.

ಆ ಜೊತೆಗಾರ ಇದೇ ನೆಲದಲ್ಲಿದ್ದಾನೆ. ಧರ್ಮವರಂ ಬಳಿಯ ನಿಮ್ಮಲಕುಂಟದ ತೊಗಲುಗೊಂಬೆ ಕಲಾವಿದರು ಆಡಿನ ಚರ್ಮದಿಂದ ದೀಪದ ಹೊದಿಕೆ ಮಾಡುತ್ತಾರೆ. ಚರ್ಮ ನೆನೆಸಿ, ಕೂದಲು ಕೆರೆದು, ಬಿಗಿದು ಒಣಗಿಸಿದರೆ ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಅದರ ಮೇಲೆ ಚಿತ್ರ ಬರೆದು, ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆದು, ಬಣ್ಣ ತುಂಬಿ, ತಂತಿಯ ಚೌಕಟ್ಟಿಗೆ ಹೊಲಿಯುತ್ತಾರೆ. ಒಳಗೆ ದೀಪ ಹೊತ್ತಿಸಿದಾಗ ನವಿಲಿನ ಕತ್ತಿನ ಒಂದೊಂದು ತೂತೂ ಬೆಳಕಿನ ಮಣಿಯಾಗುತ್ತದೆ, ಕೆಂಪು ಹದವಾಗಿ ಕಾಯುತ್ತದೆ. ಪರದೆಯ ಹಿಂದಿನ ದೀಪದೊಂದಿಗೆ ತಲೆಮಾರುಗಳಿಂದ ಆಡಿಸಿ ಬಂದವರಿಗೆ ಎಷ್ಟು ಬೆಳಕು ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದು ಕರಗತ. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಅವರ ಸೀಮೆಯ ಬಡಗಿಗಳು ಮಾತ್ರ ಈ ಕಲೆಯ ಪಕ್ಕ ಇನ್ನೂ ಬಂದು ಕೂತಿಲ್ಲ.

ಕೂರಬೇಕು. ಬರೀ ತಂತಿಯ ಮೇಲೆ ನಿಂತ ತೊಗಲಿನ ಹೊದಿಕೆ ಹಗುರ, ಮಕ್ಕಳ ಕೈ ತಾಗಿದರೆ ಉರುಳುತ್ತದೆ. ಜಾಲಿಯ ಬೊಡ್ಡೆಯ ಭಾರ ಅದನ್ನು ಹಿಡಿದು ನಿಲ್ಲಿಸಬಲ್ಲದು. ಕಾಯುವ ಹಳೆಯ ಬಲ್ಬು ಚರ್ಮವನ್ನು ಸುರುಟಿಸುತ್ತದೆ, ಆದ್ದರಿಂದ 5 ವ್ಯಾಟಿನ ಹಳದಿ ಎಲ್‌ಇಡಿ ಸಾಕು. ಬೈರಿಗೆಯಿಂದ ಕೊರೆದ ದಾರಿಯಲ್ಲಿ ವೈರ್ ಎಳೆದು ಮೇಲೆ ಅಂಟು ಸುರಿದು ಮುಚ್ಚುವ ಚಾಳಿಯಂತೂ ಬಿಡಲೇಬೇಕು. ಹೋಲ್ಡರ್ ಕೆಟ್ಟ ದಿನ ಊರಿನ ವೈರ್‌ಮ್ಯಾನ್ ಎರಡು ಸ್ಕ್ರೂ ಬಿಚ್ಚಿ ಬದಲಾಯಿಸುವಂತಿರಬೇಕು.